ನಿದ್ದೆಗೆ ಅಂಕವಿಲ್ಲ

ಚಿಕ್ಕ ಮಕ್ಕಳು ಕಲಿಯುವ ಕೋಣೆ ಹೇಗಿರಬೇಕು ಎಂದು ಬರೆಯುವುದು, ಆಮೇಲೆ ಬರೆದಂತೆ ಕೋಣೆ ಇದೆಯೇ ಎಂದು ಹೋಗಿ ನೋಡುವುದು. ಎರಡು ವರ್ಷದಿಂದ ನನ್ನ ಕೆಲಸ ಇಷ್ಟೇ. ಸರ್ಕಾರಿ ಅಂಗನವಾಡಿಗಳಿಗೆ ಗುಣಮಟ್ಟದ ಮಾನದಂಡ ರೂಪಿಸುವ ಯೋಜನೆಯೊಂದರಲ್ಲಿ ನಾನು ಗುತ್ತಿಗೆಯ ಮೇಲೆ ಸೇರಿದೆ. ಕರಡನ್ನು ಪ್ರಯೋಗ ಮಾಡಿ ನೋಡಲು ನಮ್ಮ ತಂಡದ ಪಾಲಿಗೆ ಬಂದದ್ದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಾನು ನಿಪ್ಪಾಣಿಯವಳು, ಧಾರವಾಡದಲ್ಲಿ ಎಂ.ಎ. ಮಾಡಿದವಳು. ಓದಿಗಿಂತ ಹೆಚ್ಚಾಗಿ, ಕನ್ನಡ ಮರಾಠಿ ಎರಡೂ ಬರುತ್ತವೆ ಎಂಬ ಕಾರಣಕ್ಕೆ ನನ್ನನ್ನು ತೆಗೆದುಕೊಂಡರೆಂದು ಆಮೇಲೆ ತಿಳಿಯಿತು.

ಹೊಸತರಲ್ಲಿ ಈ ಕೆಲಸವನ್ನು ಯಾರಿಗಾದರೂ ವಿವರಿಸುವಾಗ ಉತ್ಸಾಹವಿರುತ್ತಿತ್ತು. ಈಗ ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ಅಂಗನವಾಡಿ ಕೆಲಸ ಎನ್ನುತ್ತೇನೆ. ಟೀಚರಾ ಎಂದು ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ನನಗೂ ಅದೇ ಬೇಕಾಗಿರುತ್ತದೆ.

ಚಿಕ್ಕೋಡಿಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಬೆಳಿಗ್ಗೆ ಬೇಗ ಹೊರಟರೂ, ಸಕ್ಕರೆ ಕಾರ್ಖಾನೆಗಳು ಶುರುವಾದ ಮೇಲೆ ಯಾವ ಊರನ್ನೂ ಹೊತ್ತಿಗೆ ಸರಿಯಾಗಿ ಮುಟ್ಟುವುದು ಕಷ್ಟ. ಎರಡೆರಡು ಟ್ರೇಲರು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ಮುಂದೆ ಹೋಗುತ್ತಿದ್ದರೆ ಬಸ್ಸು ಅದರ ಹಿಂದೆ ಮೈಲುಗಟ್ಟಲೆ ಉಸಿರು ಬಿಡುತ್ತ ತೆವಳುತ್ತದೆ. ಟ್ರ್ಯಾಕ್ಟರಿನ ಡ್ರೈವರು ಹಾಕಿದ ಹಾಡು ಇಡೀ ರಸ್ತೆಗೆ ಕೇಳುತ್ತದೆ. ನಿಂತ ಕಾಲಿಗೆ ನೋವು ಬಂದಾಗ ಕುಡಚಿಯ ಸೇತುವೆ ಬರುತ್ತದೆ. ಅಲ್ಲಿ ಇಳಿಯುವವರು ಬಹಳ, ಕೂರಲು ಜಾಗ ಸಿಗುತ್ತದೆ.

ಅಂಗನವಾಡಿಗೆ ಹೋಗಿ ನಾನು ಮಾಡುವುದು ಹೊರಗಿನಿಂದ ನೋಡಿದವರಿಗೆ ಏನೂ ಇಲ್ಲ. ಗೋಡೆಯ ಪಕ್ಕ ಒಂದು ಮೂಲೆಯಲ್ಲಿ ಕೂರುತ್ತೇನೆ. ಚಿತ್ರಗಳು ಮಗುವಿನ ಕಣ್ಣಿಗೆ ನೇರವಾಗಿವೆಯೇ, ಸೂರಿನ ಹತ್ತಿರ ತೂಗುತ್ತಿವೆಯೇ? ಆಟಿಕೆ ಕೈಗೆ ಸಿಗುತ್ತವೆಯೇ, ಕಪಾಟಿನ ಮೇಲೆ ಪ್ಲಾಸ್ಟಿಕ್ ಸಮೇತ ಕುಳಿತಿವೆಯೇ? ಪ್ರಶ್ನೆ ಕೇಳಿದ ಶಿಕ್ಷಕಿ ಮಗು ಬಾಯಿ ತೆರೆಯುವತನಕ ಕಾಯುತ್ತಾಳೆಯೇ? ಇವೆಲ್ಲ ಟ್ಯಾಬಿನಲ್ಲಿ ತುಂಬುವುದು ಸುಲಭ. ಕಷ್ಟದ್ದು ಒಂದೇ. ಕೆಲವು ನಿಮಿಷಕ್ಕೊಮ್ಮೆ ತಲೆ ಎತ್ತಿ ಕೋಣೆಯನ್ನೊಮ್ಮೆ ಕಣ್ಣಿನಿಂದ ಸುತ್ತಿ ಬರಬೇಕು. ಆ ಕ್ಷಣದಲ್ಲಿ ಪ್ರತಿಯೊಂದು ಮಗುವೂ ಚಟುವಟಿಕೆಯಲ್ಲಿ ತೊಡಗಿದೆಯೇ ಇಲ್ಲವೇ ಎಂದು ಗುರುತು ಹಾಕಬೇಕು. ಕೋಣೆಯ ಅಂಕದಲ್ಲಿ ಹೆಚ್ಚಿನ ಪಾಲು ಇದಕ್ಕೇ.

ಶಿರಗುಪ್ಪಿಯಿಂದ ಸ್ವಲ್ಪ ಮುಂದೆ, ಕಾಲುವೆಯ ಈಚೆ ದಡದ ಒಂದು ಊರಿನ ಅಂಗನವಾಡಿಗೆ ನಾನು ಮೊದಲ ಸಲ ಹೋದದ್ದು ಕಬ್ಬು ಕಡಿಯುವ ಹಂಗಾಮಿನ ಆರಂಭದಲ್ಲಿ. ಒಂದು ಕೋಣೆ, ಅದಕ್ಕಂಟಿದ ಸಣ್ಣ ಅಡುಗೆಮನೆ. ಕಾರ್ಯಕರ್ತೆಯನ್ನು ಊರವರೆಲ್ಲ ಅಕ್ಕೋರು ಎನ್ನುತ್ತಿದ್ದರು. ನಲವತ್ತು ದಾಟಿದ, ತೆಳ್ಳನೆಯ ಮೈಯ, ಸದಾ ಗಂಟಲು ಕಟ್ಟಿದ ದನಿಯ ಹೆಂಗಸು. ಅಡುಗೆ ಮಾಡುವ ಸಹಾಯಕಿ ಅವರಿಗಿಂತ ಹಿರಿಯಳು, ಮಕ್ಕಳಿಂದ ಹಿಡಿದು ಮೇಲ್ವಿಚಾರಕಿಯವರೆಗೆ ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ.

ನಾನು ಕುಳಿತು ಟ್ಯಾಬು ತೆರೆಯುವಷ್ಟರಲ್ಲಿ ಒಬ್ಬಳು ಹೆಂಗಸು ಸೊಂಟದ ಮೇಲೆ ಹುಡುಗಿಯನ್ನು ಹೊತ್ತು ಬಾಗಿಲಿಗೆ ಬಂದಳು. ಸೀರೆಯ ಮೇಲೆ ಗಂಡಸರ ಅಂಗಿ, ತೋಳಿನ ತುಂಬ ಕಬ್ಬಿನ ಸೋಗೆ ಗೀರಿದ ಗೆರೆಗಳು. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವಳು. ಅವರು ನಸುಕಿಗೂ ಮೊದಲೇ ಎದ್ದು ಹೊಲಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೇ ಏಳುತ್ತವೆ. ಅಂಗನವಾಡಿ ತೆರೆಯುವ ಹೊತ್ತಿಗೆ ತಾಯಿ ಹೊಲದಿಂದ ಓಡಿ ಬಂದು ಮಗುವನ್ನು ಬಿಟ್ಟು ಮತ್ತೆ ಓಡುತ್ತಾಳೆ. ಹುಡುಗಿ ಆಗಲೇ ತಾಯಿಯ ಹೆಗಲಿಗೆ ತಲೆ ಹಾಕಿತ್ತು. ಚಾಪೆಗೆ ಇಳಿಸಿದರೂ ಎಚ್ಚರವಾಗಲಿಲ್ಲ.

"ಬಾಯೀ, ಝೋಪೂ ದ್ಯಾ ತಿಲಾ," ಮಲಗಲಿ ಬಿಡಿ, ಎಂದು ತಾಯಿ ಅಕ್ಕೋರಿಗೆ ಹೇಳಿ ಹೋದಳು.

ಅಕ್ಕೋರು ನನ್ನ ಕಡೆ ನೋಡಿದರು, ಹುಡುಗಿಯ ಕಡೆ ನೋಡಿದರು, ಬಾಗಿ ಅದರ ಭುಜ ಅಲುಗಿಸತೊಡಗಿದರು. "ಏಳ ಬಾಳಾ, ಮ್ಯಾಡಮ್ಮಾರು ಬಂದಾರ ನೋಡು."

"ಇರ್ಲಿ ಬಿಡ್ರಿ, ಮಲಗಲಿ," ಎಂದೆ.

"ಮತ್ತ ನೀವು ಬರ್ಕೋತೀರಲ್ರಿ?"

"ಇದು ಬರೀ ಪ್ರಯೋಗ. ಅಂಕ ಹಿಡಿಯೋದು ಹಂಗಾಮಿನ ಕೊನೆಗೆ."

ಅಷ್ಟೇ ನಾನು ಹೇಳಿದ್ದು. ಹುಡುಗಿ ಮಧ್ಯಾಹ್ನದ ಊಟದತನಕ ಮಲಗಿತ್ತು. ಎದ್ದು ತತ್ತಿ ತಿಂದು, ಮಿಕ್ಕ ಮಕ್ಕಳ ಹಾಡಿಗೆ ಎರಡು ಸಾಲು ಹಿಂದೆ ಬಿದ್ದು ಕೈ ಆಡಿಸಿತು.

ಮಕ್ಕಳನ್ನು ಕಳಿಸಿದ ಮೇಲೆ ಅಕ್ಕೋರು ಚಹಾ ಕೊಟ್ಟರು. ಅಂಕ ಹಿಡಿಯುವುದು ಅವರಿಗೆ ಯಾಕೆ ಅಷ್ಟು ಮುಖ್ಯ ಎಂಬುದು ಆಗ ತಿಳಿಯಿತು. ಊರಿನ ಕಬ್ಬು, ದ್ರಾಕ್ಷಿ ಬೆಳೆಯುವ ಮನೆಗಳವರು ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ನರ್ಸರಿಗೆ ಕಳಿಸತೊಡಗಿದ್ದರು. ಮಾನದಂಡದಲ್ಲಿ ಮೇಲಿನ ಶ್ರೇಣಿ ಬಂದ ಕೇಂದ್ರಗಳಿಗೆ ಮಾತ್ರ ಮುಂದಿನ ವರ್ಷ ಎಲ್‌ಕೆಜಿ ತರಗತಿ ಕೊಡುವುದೆಂದು ಸುದ್ದಿ ಬಂದಿತ್ತು.

"ಕ್ಲಾಸ್ ಬಂದ್ರ ಮಕ್ಕಳು ಉಳೀತಾವ್ರಿ," ಅಂದರು. "ಇಲ್ಲಂದ್ರ ನಮ್ಮ ಕೇಂದ್ರ ಕಾಲುವಿ ಆಚಿಗಿನ ಕೇಂದ್ರಕ್ಕ ಕೂಡಸ್ತಾರ. ಆ ಗ್ಯಾಂಗಿನ ಹುಡುಗ್ರು ಕಾಲುವಿ ದಾಟಿ ಹೋಗ್ತಾವೇನ್ರಿ?"

ಮಾವಶಿ ಬಾಗಿಲಲ್ಲಿ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. "ಅವು ಇರ್ಲಿ, ನಾವಿಬ್ರೂ ಎಲ್ಲಿ ಹೋಗೂದಂತ ಕೇಳ್ರಿ ಅಕ್ಕೋರ. ಮ್ಯಾಡಮ್ಮಾರಿಗೆ ಗೊತ್ತಿರ್ತೈತಿ."

ಚಹಾ ಕುಡಿದು ಎದ್ದೆ.

ಆ ಬೆಳಿಗ್ಗೆ ನಾನು ಹೇಳಿದ ಒಂದು ಮಾತು ಐದು ತಾಲ್ಲೂಕು ಸುತ್ತುತ್ತದೆಂದು ನಾನು ಎಣಿಸಿರಲಿಲ್ಲ. ಕಾರ್ಯಕರ್ತೆಯರಿಗೆ ವಾಟ್ಸಾಪ್ ಗುಂಪುಗಳಿವೆ. ಈ ಮೇಡಂ ಮಲಗಿದ ಮಗುವನ್ನು ಎಬ್ಬಿಸಬೇಡಿ ಅಂದರು ಎಂದು ಹೊರಟ ಸುದ್ದಿ, ಈ ಮೇಡಮ್ಮಿಗೆ ಮಕ್ಕಳು ಮಲಗಿದ್ದರೆ ಇಷ್ಟ ಎಂದಾಯಿತು. ರಾಯಬಾಗ ದಾಟುವ ಹೊತ್ತಿಗೆ, ಈ ಮೇಡಂ ನಿದ್ದೆಗೆ ಮಾರ್ಕ್ಸ್ ಕೊಡುತ್ತಾರೆ ಎಂದಾಗಿತ್ತು.

ಅಥಣಿ ತಾಲ್ಲೂಕಿನ ಒಂದು ಊರಿನಲ್ಲಿ, ಬೆಳಗಿನ ಹನ್ನೊಂದರ ಹೊತ್ತಿಗೆ, ನಾನು ಇನ್ನೂ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿನಿಂದ ಕೂಗು ಕೇಳಿತು.

"ಮಲ್ಕೋರಿ, ಮಲ್ಕೋರಿ! ಮ್ಯಾಡಮ್ಮಾರು ಬಂದ್ರು!"

ಒಳಗೆ ಹೋದರೆ ಮಕ್ಕಳೆಲ್ಲ ಸಾಲಾಗಿ ಬಿದ್ದುಕೊಂಡಿದ್ದವು. ಕಣ್ಣು ಎಷ್ಟು ಬಿಗಿಯಾಗಿ ಮುಚ್ಚಿದ್ದವೆಂದರೆ ಹಣೆಯೆಲ್ಲ ಸುಕ್ಕಾಗಿತ್ತು. ಒಬ್ಬ ಹುಡುಗ ತನ್ನ ಅಜ್ಜನಂತೆಯೋ ಏನೋ ಗೊರಕೆ ಹೊಡೆಯುತ್ತಿದ್ದ. ಪಕ್ಕದವರ ಹೊಟ್ಟೆ ನಗೆಯಿಂದ ಕುಲುಕುತ್ತಿತ್ತು.

"ಟೀಚರ್, ಇನ್ನ ಏಳೂದೇನ್ರಿ?" ಒಂದು ದನಿ.

"ಸುಮ್ನ ಮಲ್ಕೊ. ನೋಡಾಕತ್ತಾರ."

"ನಂಗ ಒಂದಕ್ಕ ಬಂದೈತ್ರಿ."

"ನಿದ್ಯಾಗ ಇದ್ದವ್ರಿಗೆ ಒಂದಕ್ಕ ಬರಂಗಿಲ್ಲ. ಮಲ್ಕೊ."

ನಾನು ನಕ್ಕೆ. ಅಂದು ನಗೆ ಬಂತು. ಹೀಗಲ್ಲ, ನಿದ್ದೆಗೆ ಅಂಕವಿಲ್ಲ ಎಂದು ಆ ಟೀಚರಿಗೆ ನಿಧಾನವಾಗಿ ಹೇಳಿದೆ. ಅವರು ತಲೆಯಾಡಿಸಿದರು. ನಾನು ಮುಚ್ಚಿಟ್ಟುಕೊಂಡು ಹೇಳುತ್ತಿದ್ದೇನೆ ಎಂಬ ಅನುಮಾನ ಅವರ ಮುಖದಲ್ಲಿತ್ತು. ಮರುದಿನ ಇನ್ನೊಂದು ಊರಿನಲ್ಲಿ ಅದೇ ಸಾಲು, ಅದೇ ಸುಕ್ಕುಗಟ್ಟಿದ ಹಣೆಗಳು. ಆ ವಾರ ಮುಗಿಯುವಷ್ಟರಲ್ಲಿ ನಗು ಹೋಗಿ, ಕೋಣೆಯ ಹೊಸ್ತಿಲು ದಾಟುವ ಮೊದಲೇ ಸುಸ್ತಾಗತೊಡಗಿತು. ಕೆಲವು ಕಡೆ ಇನ್ನೊಂದು ಜಾಣತನ ಕಂಡಿತು. ಚುರುಕಾದ ಮಕ್ಕಳು ಕೂತು ಹಾಡುತ್ತಿದ್ದವು. ಮಾತಾಡಲು ನಾಚುವ, ಬಣ್ಣದ ಹೆಸರು ಬರದ ಮಕ್ಕಳು ಮಾತ್ರ ಹಿಂದೆ ಸಾಲಾಗಿ ಮಲಗಿರುತ್ತಿದ್ದವು.

ಸಂಜೆ ಕೋಣೆಗೆ ಬಂದು ಟ್ಯಾಬಿನಲ್ಲಿದ್ದುದನ್ನು ಕಳಿಸಲು ಕೂರುತ್ತಿದ್ದೆ. ಸಿಗ್ನಲ್ ಸಿಗಬೇಕಾದರೆ ಕಿಟಕಿಗೆ ಒರಗಿ ಕೈ ಹೊರಗೆ ಚಾಚಬೇಕು. ಕೆಳಗಿನ ಮನೆಯೊಡತಿ ಅಂಗಳದಿಂದ, "ಏನವಾ, ಯಾರನ್ನ ಕರೀತಿ?" ಎಂದು ಕೇಳುತ್ತಿದ್ದಳು. ಯಾರನ್ನೂ ಅಲ್ಲ ಎನ್ನುತ್ತಿದ್ದೆ. ಊಟ ಮಾಡುವುದೂ ಒಂದು ಕೆಲಸದಂತೆ ತೋರುತ್ತಿದ್ದ ದಿನಗಳು ಅವು.

ಮಾನದಂಡವನ್ನು ಅಂತಿಮಗೊಳಿಸುವ ಸಭೆ ಚಿಕ್ಕೋಡಿಯಲ್ಲಿ ನಡೆಯಿತು. ನಮ್ಮ ಸಂಯೋಜಕರು ಐವತ್ತರ ಆಸುಪಾಸಿನವರು, ಮೊದಲು ಮಾಸ್ತರರಾಗಿದ್ದವರು, ಯಾರ ಮೇಲೂ ದನಿ ಎತ್ತದವರು. ಮೇಲ್ವಿಚಾರಕಿಯರೂ ಇದ್ದರು. ಮಲಗಿದ ಮಗುವನ್ನು ತೊಡಗಿಲ್ಲ ಎಂದು ಎಣಿಸುವುದು ತಪ್ಪು, ಅದನ್ನು ಲೆಕ್ಕದಿಂದಲೇ ಬಿಟ್ಟುಬಿಡಬೇಕು ಎಂದು ನಾನು ಬರೆದುಕೊಂಡು ಹೋಗಿದ್ದೆ. ಹಂಗಾಮಿನ ಊರುಗಳಲ್ಲಿ ಮಕ್ಕಳು ಯಾವ ಹೊತ್ತಿಗೆ ಏಳುತ್ತವೆ ಎಂಬುದನ್ನೂ ಸೇರಿಸಿದ್ದೆ.

ನಾನು ಓದಿ ಮುಗಿಸುವ ಮೊದಲೇ ಒಬ್ಬ ಮೇಲ್ವಿಚಾರಕಿ, "ಸರ, ಈ ಮ್ಯಾಡಮ್ಮಾರು ನಿದ್ದಿಗೆ ಮಾರ್ಕ್ಸ್ ಕೊಡ್ತಾರಂತ ನಮ್ಮ ಕಡೆ ಮಕ್ಕಳಿಗೆ ಗೊರಕಿ ಕಲಸಾಕತ್ತಾರ್ರಿ," ಎಂದರು.

ಕೋಣೆಯೆಲ್ಲ ನಕ್ಕಿತು. ಸಂಯೋಜಕರೂ ನಕ್ಕರು, ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಹೇಳೂದು ಖರೆ ಐತ್ರಿ. ಆದ್ರ ಖರೆ ನಿದ್ದಿ ಯಾವುದು, ಸುಳ್ಳ ನಿದ್ದಿ ಯಾವುದು, ಮೂಲ್ಯಾಗ ಕೂತಾಂವ ಹೆಂಗ ಹೇಳಬೇಕು? ಮಲಗಿದವ್ರನ್ನ ಬಿಟ್ಟಬಿಡ್ರಿ ಅಂದ್ರ, ಉತ್ತರ ಬಾರದ ಮಕ್ಕಳನ್ನ ಮೊದಲ ಮಲಗಸ್ತಾರ. ನೀವ ನೋಡೀರಿ ಅದನ್ನ."

ನೋಡಿದ್ದೆ. ಗ್ಯಾಂಗಿನ ಮಕ್ಕಳಿರುವ ಕೇಂದ್ರಗಳಿಗಾದರೂ ಬೇರೆ ನಿಯಮ ಮಾಡಬಹುದು ಎಂದೆ. ಅಳತೆ ಎಲ್ಲ ಕಡೆ ಒಂದೇ ಇರದಿದ್ದರೆ ಅದು ಅಳತೆಯೇ ಅಲ್ಲ ಎಂದರು. ಅದೂ ಸರಿಯೇ. ಕೊನೆಗೆ ನನ್ನ ಅರ್ಜಿಯ ಅರ್ಧ ಉಳಿಯಿತು. ಊಟದ ನಂತರ ಅರ್ಧ ಗಂಟೆ ವಿಶ್ರಾಂತಿ, ಆಗ ಮಲಗಬಹುದು. ಮಿಕ್ಕ ಹೊತ್ತಿನಲ್ಲಿ ಮಲಗಿದ ಮಗು ತೊಡಗಿಲ್ಲದ ಮಗು. ಚೊಕ್ಕವಾದ ವಾಕ್ಯ. ಅದನ್ನು ತಿದ್ದಿ ಅಚ್ಚಿಗೆ ಸಿದ್ಧಮಾಡಿದವಳು ನಾನೇ, ಏಕೆಂದರೆ ತಂಡದಲ್ಲಿ ಕನ್ನಡವನ್ನು ನಾನೇ ನೋಡುತ್ತಿದ್ದೆ.

ಅಂಕ ಹಿಡಿಯುವ ಭೇಟಿಗಳಿಗೆ ಇಬ್ಬಿಬ್ಬರು ಹೋಗಬೇಕು, ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆ ಗುರುತು ಹಾಕಬೇಕು. ಕಾಲುವೆಯ ಈಚೆ ದಡದ ಊರಿಗೆ ಸಂಯೋಜಕರೂ ನಾನೂ ಹೋದೆವು. ಯಾವ ವಾರ ಎಂದು ಕೇಂದ್ರಗಳಿಗೆ ತಿಳಿಸಿರುತ್ತಾರೆ, ಯಾವ ದಿನ ಎಂದು ಹೇಳುವುದಿಲ್ಲ. ಹೊಸ ವಾಕ್ಯ ಮೇಲ್ವಿಚಾರಕಿಯ ಮೂಲಕ ಅಕ್ಕೋರನ್ನು ಮುಟ್ಟಿತ್ತು.

ನಾವು ಹೋದಾಗ ಕೋಣೆ ಸಾರಿಸಿಟ್ಟಂತಿತ್ತು. ಚಿತ್ರಗಳೆಲ್ಲ ಕೆಳಗಿಳಿದಿದ್ದವು. ಆಟಿಕೆಗಳ ಪ್ಲಾಸ್ಟಿಕ್ ಹೋಗಿತ್ತು. ಒಂದು ಗೊಂಬೆಯ ಕೈ ಆಗಲೇ ಮುರಿದಿತ್ತು, ಅದು ನನಗೆ ಒಳ್ಳೆಯದೆನಿಸಿತು. ಮಕ್ಕಳು ದುಂಡಗೆ ಕುಳಿತು ಶೇಂಗಾ ಬೇರೆ, ಗೋವಿನಜೋಳ ಬೇರೆ ಮಾಡುತ್ತಿದ್ದವು. ಶೇಂಗಾದ ರಾಶಿ ಬೆಳೆಯುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿತ್ತೆಂದು ಬಾಯಿಗಳು ಹೇಳುತ್ತಿದ್ದವು. ಅವುಗಳ ನಡುವೆ ಆ ಹುಡುಗಿ, ಕುಳಿತಲ್ಲೇ, ಒಂದು ಕೈಯಲ್ಲಿ ಕಾಳು ಹಿಡಿದು ತೂಕಡಿಸುತ್ತಿತ್ತು.

ಮಾವಶಿ ಅಡುಗೆಮನೆಯ ಬಾಗಿಲಿನಿಂದ ನಮ್ಮನ್ನು ನೋಡಿದವಳೇ ಅಕ್ಕೋರ ಹತ್ತಿರ ಬಂದು ಬಾಗಿದಳು. ಪಿಸುಮಾತು ಎಂದು ಅವಳು ತಿಳಿದಿದ್ದುದು ನಮಗೂ ಕೇಳಿತು.

"ಈ ವಾರ ಅದನ್ನ ತರಬ್ಯಾಡ ಅಂತ ಆಕಿ ಅವ್ವಗ ಹೇಳ್ರಿ ಅಂದ್ರ ಕೇಳಲಿಲ್ಲ ನೀವು."

"ಮತ್ತ ಅದನ್ನ ಎಲ್ಲಿ ಇಡಬೇಕು ಆಕಿ? ಟ್ರ್ಯಾಕ್ಟರ್ ಗಾಲಿ ಬುಡಕ?"

"ಒಳಗರ ಮಲಗಸ್ತೀನಿ ಕೊಡ್ರಿ."

ಅಕ್ಕೋರು ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. "ಬ್ಯಾಡ. ಬಿಸಿ ಇರ್ತಾವ," ಎಂದರು.

ಆಮೇಲೆ ಅವರು ಹುಡುಗಿಯನ್ನು ಎಬ್ಬಿಸಲು ನಿಜವಾಗಿಯೇ ಪ್ರಯತ್ನಪಟ್ಟರು. ಹೊರಗೆ ಕರೆದೊಯ್ದು ಮುಖ ತೊಳೆಸಿದರು. ನೀರು ತಾಗಿದಾಗ ಅದು ಒಮ್ಮೆ ಅತ್ತಿತು, ಅಳುತ್ತಲೇ ಅವರ ಭುಜಕ್ಕೆ ಒರಗಿತು. ತಂದು ಕೂರಿಸಿದರು, ಒರಗಿತು. ಬಾಳೆಹಣ್ಣು ಸುಲಿದು ಕೈಗಿಟ್ಟರು. ಒಂದು ಕಡಿತ ಕಡಿದು, ಅದು ಬಾಯಲ್ಲಿರುವಂತೆಯೇ ಕಣ್ಣು ಮುಚ್ಚಿತು. ಅಕ್ಕೋರು ಬೆರಳು ಹಾಕಿ ಬಾಯೊಳಗಿನ ಹಣ್ಣು ತೆಗೆದರು. ಉಸಿರಿಗೆ ಸಿಕ್ಕೀತು ಎಂದು ಇರಬೇಕು. ಮಿಕ್ಕ ಮಕ್ಕಳು ಕಾಳು ಬಿಟ್ಟು ಇದನ್ನೇ ನೋಡುತ್ತಿದ್ದವು. ನಾನು ತಲೆ ಎತ್ತಬೇಕಾದ ಹೊತ್ತಾಯಿತು. ಕಣ್ಣು ಸುತ್ತಿಸಿದೆ. ಆ ಗಳಿಗೆಯಲ್ಲಿ ಕೋಣೆಯ ಯಾವ ಮಗುವೂ ತೊಡಗಿರಲಿಲ್ಲ. ಹಾಗೆಯೇ ಗುರುತು ಹಾಕಿದೆ.

ಅಕ್ಕೋರು ಸ್ವಲ್ಪ ಹೊತ್ತು ಹುಡುಗಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತರು. ಅವರೂ ದಣಿದಿದ್ದರು. ಕೋಣೆಯನ್ನು ಆ ಸ್ಥಿತಿಗೆ ತರಲು ಆ ವಾರವೆಲ್ಲ ಅವರು ಮನೆಗೆ ಕತ್ತಲಾದ ಮೇಲೆ ಹೋಗುತ್ತಿದ್ದರೆಂದು ಮಾವಶಿ ಆಮೇಲೆ ಹೇಳಿದಳು. ಅವರು ಎದ್ದು ಮೂಲೆಯಲ್ಲಿ ಚಾಪೆ ಹಾಸಿದರು, ಹುಡುಗಿಯನ್ನು ಮಲಗಿಸಿ ಸೆರಗಿನಿಂದ ಅದರ ಮುಖ ಒರೆಸಿದರು.

"ಬರ್ಕೋರಿ," ಎಂದರು ನಮ್ಮಿಬ್ಬರಿಗೆ. ಸಿಟ್ಟಿನ ದನಿಯಲ್ಲ. ಕಾಯುತ್ತಿರುವವರಿಗೆ ಮುಂದೆ ಹೋಗಿರಿ ಎನ್ನುವ ಹಾಗೆ.

ಆಮೇಲೆ ಅವರು ಮಕ್ಕಳ ನಡುವೆ ಕುಳಿತು ಬಾಯಿಗೆ ಬೆರಳಿಟ್ಟರು. "ಆಕಿ ಮಲಗ್ಯಾಳ. ಸಾವಕಾಶ ಹಾಡೂನು." ಮಕ್ಕಳು ಅದನ್ನೂ ಆಟವೆಂದು ತಿಳಿದವು. ಮೀನಿನ ಹಾಡನ್ನು ಇಡಿಯಾಗಿ ಪಿಸುಗುಟ್ಟುತ್ತ ಹಾಡಿದವು. ಕೈ ಜೋಡಿಸಿ ಈಜಿದವು, ಸದ್ದಿಲ್ಲದೆ ಚಪ್ಪಾಳೆ ತಟ್ಟಿದವು. ಒಬ್ಬ ಜೋರಾಗಿ ಕೂಗಿದಾಗ ಮಿಕ್ಕವೆಲ್ಲ ಅವನ ಬಾಯಿಗೆ ಕೈ ಅಡ್ಡ ಹಿಡಿದವು. ನಾನು ಅಷ್ಟು ಕೋಣೆಗಳನ್ನು ನೋಡಿದ್ದೆ, ಎಲ್ಲ ಮಕ್ಕಳೂ ಒಂದೇ ಕೆಲಸದಲ್ಲಿ ಅಷ್ಟು ಎಚ್ಚರದಿಂದ ಇದ್ದುದನ್ನು ನೋಡಿರಲಿಲ್ಲ. ನಮ್ಮ ಮಾನದಂಡದಲ್ಲಿ ಇನ್ನೊಂದು ವಾಕ್ಯವಿದೆ: ಮಕ್ಕಳು ಹಿಂಜರಿಕೆಯಿಲ್ಲದೆ ಸ್ಪಷ್ಟ ದನಿಯಲ್ಲಿ ಹಾಡುತ್ತವೆ, ಮಾತಾಡುತ್ತವೆ. ಅದರ ಮುಂದೆ ಕಡಿಮೆ ಎಂದು ಗುರುತಿಸಬೇಕಾಯಿತು.

ನಾವು ಹೊರಡುವಾಗ ಮಾವಶಿ ಬಾಗಿಲತನಕ ಬಂದಳು. "ನಿದ್ದಿಗೆ ಮಾರ್ಕ್ಸ್ ಐತಿ ಅಂತ ಮೊದಲ ಅಂದ್ರು, ಈಗ ಇಲ್ಲ ಅಂತಾರ. ಇದ್ದಿದ್ರ ನಮ್ಮನಿಯಾಂವನ್ನ ತಂದು ಮಲಗಸ್ತಿದ್ನಿ. ಫಸ್ಟ್ ಕ್ಲಾಸ್ ಬರ್ತಿತ್ತು ಕೇಂದ್ರಕ್ಕ."

ಸಂಯೋಜಕರು ನಕ್ಕರು. ಅಕ್ಕೋರು ನಗಲಿಲ್ಲ. ಮಕ್ಕಳಿಗೆ ಕೈ ತೊಳೆಸುತ್ತಿದ್ದರು.

ಕಾಗವಾಡದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕುಳಿತು ಇಬ್ಬರ ಗುರುತುಗಳನ್ನು ಹೋಲಿಸಿದೆವು. ಎಲ್ಲಿಯೂ ಹೆಚ್ಚುಕಡಿಮೆ ಇರಲಿಲ್ಲ. ಇಬ್ಬರು ಬೇರೆ ಬೇರೆ ನೋಡಿಯೂ ಅಂಕ ಒಂದೇ ಬಂದರೆ ಅಳತೆ ನಂಬುವಂಥದ್ದು ಎಂದರ್ಥ. ಆ ಹಂಗಾಮಿನ ಭೇಟಿಗಳಲ್ಲೆಲ್ಲ ಇದೇ ಅತ್ಯಂತ ಚೊಕ್ಕವಾಗಿ ಹೊಂದಿದ್ದು. ಸಂಯೋಜಕರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಚಲೋ ಕೋಣಿ ಐತ್ರಿ ಅದು," ಅಂದರು.

"ಹೌದು ಸರ್."

"ಮ್ಯಾಲಿನ ಶ್ರೇಣಿ ಬರಂಗಿಲ್ಲ."

"ಇಲ್ಲ ಸರ್."

"ನಿಮ್ಮ ಮಾತು ಮುಂದಿನ ವರ್ಷದ ತಿದ್ದುಪಡಿಗೆ ಮತ್ತ ಇಡ್ರಿ. ನಾನೂ ಬೆಂಬಲ ಕೊಡ್ತೀನಿ." ಅವರು ಹೇಳಿದಂತೆ ನಡೆದುಕೊಳ್ಳುವವರು, ಅದು ನನಗೆ ಗೊತ್ತು. ಮುಂದಿನ ವರ್ಷದ ತಿದ್ದುಪಡಿಯ ಹೊತ್ತಿಗೆ ಆ ಕೇಂದ್ರ ಇರುತ್ತದೆಯೋ ಇಲ್ಲವೋ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬಿಲ್ಲು ಬಂತು, ಎದ್ದೆವು.

ಫಲಿತಾಂಶ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕಾರ್ಖಾನೆಗಳು ನಿಂತು, ಗ್ಯಾಂಗುಗಳು ಗುಡಿಸಲು ಕಿತ್ತುಕೊಂಡು ಹೋಗಿದ್ದವು. ಎಲ್‌ಕೆಜಿ ತರಗತಿ ಕಾಲುವೆಯ ಆಚೆಯ ಕೇಂದ್ರಕ್ಕೆ ಬಂತು. ಅಲ್ಲಿಗೆ ಗ್ಯಾಂಗಿನ ಮಕ್ಕಳು ಬರುತ್ತಿರಲಿಲ್ಲ. ಸುದ್ದಿ ಅಕ್ಕೋರಿಗೆ ಮೇಲ್ವಿಚಾರಕಿಯಿಂದಲೇ ಹೋಗಬೇಕಿತ್ತು, ನಾನು ಹೇಳುವಂತಿರಲಿಲ್ಲ. ಮೇಲ್ವಿಚಾರಕಿ ಹೇಳಿದ ಮರುದಿನ ಅಕ್ಕೋರೇ ನನಗೆ ಫೋನ್ ಮಾಡಿದರು. ನಾನು ರಾಯಬಾಗದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ.

"ಮ್ಯಾಡಮ್, ಒಂದ ಮಾತು ಕೇಳ್ತೀನಿ. ಆ ಹುಡುಗಿ ಮಲಗಿದ್ದಕ್ಕ ಹೋತೇನ್ರಿ?"

ಹಲವು ಅಂಶಗಳು ಸೇರಿ ಶ್ರೇಣಿಯಾಗುತ್ತದೆ, ಇದರಿಂದಲೇ ಎಂದು ಹೇಳಲಾಗದು, ಎನ್ನಬೇಕು. ಕೇಂದ್ರಗಳವರು ಕೇಳಿದರೆ ಹೇಳಲು ನಮಗೆ ಕೊಟ್ಟಿರುವ ಉತ್ತರ ಅದು. ಅದನ್ನು ಶುರುಮಾಡಿದೆ. ಅರ್ಧಕ್ಕೆ ನನಗೇ ಕೇಳಲಾಗಲಿಲ್ಲ.

"ಹೌದ್ರಿ ಅಕ್ಕೋರ," ಎಂದೆ. "ಅದಕ್ಕೇ ಹೋತು."

ಅವರ ಹಿಂದೆ ಮಕ್ಕಳ ಗದ್ದಲ, ಮಾವಶಿ ಯಾರನ್ನೋ ಬೈಯುವುದು ಕೇಳುತ್ತಿತ್ತು.

"ನಂಗೂ ಹಂಗ ಅನಿಸಿತ್ತು," ಅಂದರು. "ಆಕಿ ಅವ್ವ ಹೋಗೂ ಮುಂದ ಬಂದಿದ್ಲು. ಬರೂ ಹಂಗಾಮಿಗೆ ಇಕಿ ತಂಗೀನೂ ನಡಿಯೂಹಂಗ ಆಗ್ತಾಳ, ಇಬ್ಬರನ್ನೂ ಬಿಡ್ತೀನಿ ಬಾಯಿ ಅಂದ್ಲು. ಹೂಂ ಅಂದೀನಿ."

ಕೇಂದ್ರ ಕೂಡಿಸುವ ಆದೇಶ ಬಂದಿದೆಯೇ ಎಂದು ಕೇಳಿದೆ.

"ಇನ್ನಾ ಇಲ್ರಿ. ಬಂದ್ರ ಬರ್ತೈತಿ." ಅಷ್ಟರಲ್ಲಿ ಯಾವುದೋ ಮಗು ಬಿದ್ದ ಸದ್ದು, ಅಳು. "ಇಡ್ತೀನ್ರಿ, ಇಲ್ಲೊಂದು ಬಿತ್ತು," ಎಂದರು. ಆದರೆ ಫೋನ್ ಇಡುವುದನ್ನು ಮರೆತರು. ಅಳುವ ಮಗುವನ್ನು ಅವರು ಎತ್ತಿಕೊಂಡು ಸಮಾಧಾನ ಮಾಡುವುದು, ಅಳು ನಿಧಾನವಾಗಿ ಬಿಕ್ಕಳಿಕೆಯಾಗುವುದು ನನಗೆ ಕೇಳುತ್ತಿತ್ತು. ಚಿಕ್ಕೋಡಿಯ ಬಸ್ಸು ಬಂದು ನಿಂತು ಜನ ಹತ್ತುತ್ತಿದ್ದರು. ಅದು ಹೊರಟುಹೋಗುವತನಕ ನಾನು ಹತ್ತದೆ ಅಲ್ಲಿಯೇ ಕೇಳುತ್ತ ನಿಂತಿದ್ದೆ.